ನೂರಕ್ಕೆ ಐದು ಕೊಸರು

"ಜೋಗಕ್ಕಾ?"

ನಮ್ಮನ್ನು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಸಿದ ರೈಲು ತಾಳಗುಪ್ಪದ ಕಡೆ ಹೊರಟಿತ್ತು. ಮಾರ್ಚ್ ಮೊದಲ ವಾರ, ಆದರೂ ಬೆಳಗಿನ ಹೊತ್ತು ಶಾಲು ಹೊದೆಯುವಷ್ಟು ಚಳಿ. ಆಟೋದವರು ನಮ್ಮ ಚೀಲಗಳನ್ನು ಎತ್ತಿಡುತ್ತಲೇ ಕೇಳಿದ್ದರು. ಅತ್ತಿಗೆ, "ಇಲ್ಲಪ್ಪ, ಸಾಗರಕ್ಕೇ ಬಂದಿದ್ದು" ಎಂದರು.

"ಯಾರ ಮನೆಗಾತು?"

"ಯಾರ ಮನೆಗೂ ಅಲ್ಲ. ಎರಡು ದಿನ ಪೇಟೆ ಸುತ್ತಿ, ತಿಂದು, ಬೇಕಾದ್ದು ಕೊಂಡುಕೊಂಡು ಹೋಗೋಣ ಅಂತ."

ಅವರು ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿದರು. "ಅಡ್ಡಿಲ್ಲ. ಹಂಗಾದ್ರೆ ಮೊದಲು ತಿಂಡಿ ತಿನ್ನಿ. ಲಾಡ್ಜು ಎಲ್ಲಿಗೂ ಓಡಿಹೋಗುದಿಲ್ಲ" ಎಂದು ಪೇಟೆಯ ಒಂದು ಹೋಟೆಲಿನ ಮುಂದೆ ನಿಲ್ಲಿಸಿದರು. ಚೀಲಗಳನ್ನು ತಾನೇ ಲಾಡ್ಜಿಗೆ ಮುಟ್ಟಿಸುತ್ತೇನೆ, ನೀವು ನಿಧಾನಕ್ಕೆ ನಡೆದು ಬನ್ನಿ ಎಂದರು. ಬೆಂಗಳೂರಿನಲ್ಲಿ ನಾನು ಹಾಗೆ ಕೊಟ್ಟುಕಳಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ಎರಡನೇ ಯೋಚನೆಯೇ ಬರಲಿಲ್ಲ. ಒಂದು ಗಂಟೆ ಕಳೆದು ನಾವು ಹೋಗುವಾಗ ಚೀಲಗಳು ಕೋಣೆಯೊಳಗೇ ಇದ್ದವು.

ಸಾಗರವನ್ನು ನಾನು ಎಷ್ಟೋ ಸಲ ದಾಟಿದ್ದೇನೆ, ಇಳಿದದ್ದು ಅದೇ ಮೊದಲು. ಇದು ಜೋಗದ ದಾರಿಯ ಊರು. ಇಲ್ಲಿಂದ ಮೂವತ್ತು ಕಿಲೋಮೀಟರ್ ಹೋದರೆ ಜಲಪಾತ, ಹಾಗಾಗಿ ಬಸ್ಸಿನವರು ಇಲ್ಲಿ ಒಂದು ಚಹಾಕ್ಕೆ ನಿಂತು ಮುಂದೆ ಹೋಗುತ್ತಾರೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ಅಲ್ಲೇ ನಿಲ್ಲುತ್ತದೆ. ಬೇಸಿಗೆ ಹತ್ತಿರ ಬಂದಾಗ ಜೋಗದಲ್ಲಿ ಬಂಡೆ ನೋಡಬೇಕು. ನಾವು ಬೇಕೆಂದೇ ಆ ಕಾಲವನ್ನು ಆರಿಸಿಕೊಂಡಿದ್ದೆವು, ಕಾರಣ ಮಾವಿನ ಮಿಡಿ.

ಹಿಂದಿನ ವರ್ಷ ಬೆಂಗಳೂರಿನಲ್ಲಿ ಒಂದು ಗಾಡಿಯಿಂದ ಅಪ್ಪೆಮಿಡಿ ಎಂದು ಇನ್ನೂರು ಮಿಡಿ ತಂದು ಉಪ್ಪಿಗೆ ಹಾಕಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮೆತ್ತಗಾದವು, ದಸರಾ ಹೊತ್ತಿಗೆ ಬೂಸಲು ಬಂತು. ಇಡೀ ಭರಣಿಯನ್ನು ಚೆಲ್ಲುವಾಗ ಕಣ್ಣಲ್ಲಿ ನೀರು ಬಂದಿತ್ತು. ಉಪ್ಪಿನಕಾಯಿಗೆ ಅಳುವುದೇ ಎಂದು ಕೇಳುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅತ್ತಿಗೆ ಆವತ್ತೇ, "ಮುಂದಿನ ಸಲ ಮಿಡಿ ಹುಟ್ಟುವ ಊರಿಗೇ ಹೋಗೋಣ, ಯಾರನ್ನಾದರೂ ಕೇಳಿ ಕಲಿಯೋಣ" ಎಂದಿದ್ದರು.

ಹೋಟೆಲಿನಲ್ಲಿ ಬೆಂಚು ಉದ್ದ, ಮೇಜು ಉದ್ದ, ಯಾರ ಪಕ್ಕ ಯಾರಾದರೂ ಕೂರುವ ಏರ್ಪಾಡು. ಮಾಣಿ ಬಂದು "ಆಸರಿಗೆ ಎಂತ ಕೊಡ್ಲಿ?" ಎಂದ. ನಾನು ಅತ್ತಿಗೆಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಎದುರಿಗೆ ಕೂತಿದ್ದ ಹಿರಿಯರು ಪೇಪರು ಮಡಿಸಿ ನಗುತ್ತಾ ಬಿಡಿಸಿ ಹೇಳಿದರು: ಈ ಕಡೆ ಹವ್ಯಕರ ಮನೆಗೆ ಯಾರು ಬಂದರೂ ಮೊದಲು ಕೇಳುವುದು ಆಸರಿಗೆ ಎಂತ ಅಂತ. ಬಾಯಾರಿಕೆಗೆ ಕುಡಿಯಲು ಏನು ಕೊಡಲಿ ಎಂದು. ಮಜ್ಜಿಗೆಯೋ, ಕಷಾಯವೋ, ಬೆಲ್ಲ ನೀರೋ. ಅದಾದ ಮೇಲೆಯೇ ಊರು, ಹೆಸರು, ಬಂದ ಕೆಲಸ. ನಾವು ಕಷಾಯ ಹೇಳಿದೆವು. ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಬೆರೆಸಿದ್ದು. ಮೊದಲ ಗುಟುಕಿಗೇ ರಾತ್ರಿ ರೈಲಿನ ನಿದ್ದೆಗೇಡು ಇಳಿಯಿತು.

ಆ ಹಿರಿಯರು ಅಡಿಕೆ ಬೆಳೆಗಾರರು, ಮಂಡಿಗೆ ಬಂದಿದ್ದರು. ಪೇಪರಿನಲ್ಲಿ ನೋಡುತ್ತಿದ್ದದ್ದು ಧಾರಣೆ. ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಉದ್ದ ಪಟ್ಟಿ. ನನಗೆ ಅಡಿಕೆ ಎಂದರೆ ತಾಂಬೂಲದ ತಟ್ಟೆಯಲ್ಲಿರುವ ಒಂದೇ ಅಡಿಕೆ. ಅವರು ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದರು. ಹಸಿ ಅಡಿಕೆಯನ್ನೇ ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಒಂದೇ ಮರ, ಒಂದೇ ಕೊನೆ. ಯಾವಾಗ ಇಳಿಸುತ್ತೀರಿ ಎನ್ನುವುದರ ಮೇಲೆ ಎಲ್ಲ.

ಅಷ್ಟರಲ್ಲಿ ನೀರುದೋಸೆ ಬಂತು, ಜೊತೆಗೆ ಬಟ್ಟಲಲ್ಲಿ ಜೋನಿಬೆಲ್ಲ, ಮೇಲೆ ಒಂದು ಚಮಚ ತುಪ್ಪ. ಕಬ್ಬಿನ ಹಾಲನ್ನು ಗಟ್ಟಿ ಅಚ್ಚಾಗುವ ಮೊದಲೇ ಒಲೆಯಿಂದ ಇಳಿಸಿದರೆ ಈ ಜೋನಿ. ಜೇನಿನಷ್ಟು ಮಂದ, ಬಣ್ಣ ಹಳೆಯ ತಾಮ್ರದ್ದು. ನಾನು ದೋಸೆಯ ಮೇಲೆ ಸುರಿಯಹೋದೆ. "ಹಂಗಲ್ಲ ತಂಗಿ" ಎಂದರು ಹಿರಿಯರು. "ದೋಸೆ ಚಿಂದಿ ಆಗ್ತದೆ. ನಾಲ್ಕು ಮಡಿಕೆ ಮಾಡಿ, ತುದಿ ಅದ್ದಿ ತಿನ್ನಿ." ಹಾಗೇ ತಿಂದೆವು. ತುಪ್ಪದ ಕಂಪು, ಬೆಲ್ಲದ ಸಿಹಿಯೊಳಗೆ ಒಂದು ಎಳೆ ಉಪ್ಪು, ಅಕ್ಕಿಯ ತಣ್ಣನೆ ರುಚಿ. ನಾಲ್ಕು ದೋಸೆ ಹೋದದ್ದೇ ತಿಳಿಯಲಿಲ್ಲ. ಅವರು ಎದ್ದು ಹೋಗುವಾಗ, ಜೋನಿ ಕೊಳ್ಳುವುದಾದರೆ ಅಂಗಡಿಯವರಿಗೆ ಡಬ್ಬದ ತಳದಿಂದ ಕಲಕಿ ಕೊಡಲು ಹೇಳಿ, ಹರಳೆಲ್ಲ ತಳದಲ್ಲಿ ಕೂತಿರುತ್ತದೆ ಎಂದು ಹೇಳಿಯೇ ಹೋದರು.

ಆ ದಿನ ಮಧ್ಯಾಹ್ನದವರೆಗೂ ನಾವು ಒಂದೇ ಅಂಗಡಿಯಲ್ಲಿ ಕೂತಿದ್ದೆವು ಎಂದರೆ ನಂಬಬೇಕು. ಗುಡಿಗಾರರ ಕೆತ್ತನೆಯ ಅಂಗಡಿ ಅದು. ಮುಂದೆ ಗಾಜಿನ ಕಪಾಟು, ಹಿಂದೆ ಕೆಲಸದ ಜಾಗ, ನಡುವೆ ಬಾಗಿಲಿಲ್ಲ. ಗಂಧದ ವಾಸನೆ ಬೀದಿಯವರೆಗೆ ಬರುತ್ತಿತ್ತು, ಅದನ್ನೇ ಹಿಡಿದು ಒಳಗೆ ಹೋದದ್ದು. ಸಾಗರ, ಸೊರಬ, ಶಿರಸಿ, ಕುಮಟಾ ಈ ಸುತ್ತಿನಲ್ಲಿ ಗುಡಿಗಾರರ ಮನೆತನಗಳು ತಲೆಮಾರುಗಳಿಂದ ಗಂಧದಲ್ಲಿ, ದಂತದಲ್ಲಿ ಕೆತ್ತಿಕೊಂಡು ಬಂದವರು. ದಂತ ನಿಂತುಹೋಗಿ ಬಹಳ ಕಾಲವಾಯಿತು. ಗಂಧವೂ ಈಗ ಹೇಳಿದಷ್ಟು ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಬೆಲೆ ಮುಟ್ಟುವ ಹಾಗಿಲ್ಲ. ಹಾಗಾಗಿ ದಿನದ ಕೆಲಸ ಹೆಚ್ಚಾಗಿ ಶಿವನಿ ಮರದಲ್ಲಿ, ತೇಗದಲ್ಲಿ. ಚೌತಿ ಹತ್ತಿರವಾದಾಗ ಇದೇ ಕೈಗಳು ಮಣ್ಣಿನ ಗಣಪತಿ ಮಾಡುತ್ತವೆ, ಮದುವೆಯ ಕಾಲದಲ್ಲಿ ಬೆಂಡಿನ ಬಾಸಿಂಗ ಕಟ್ಟುತ್ತವೆ.

ನಾವು ಹೋದಾಗ ಒಬ್ಬರು ನೆಲದ ಮೇಲೆ ಕೂತು, ಎರಡು ಪಾದಗಳ ನಡುವೆ ಮರದ ತುಂಡು ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದರು. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಕೊಡತಿ. ಬಳ್ಳಿಯ ಸುರುಳಿ ಮೂಡುತ್ತಿತ್ತು. ಪಕ್ಕದಲ್ಲಿ ಹರವಿದ ಗೋಣಿಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಉಳಿಗಳು, ಕೆಲವು ಹಲ್ಲುಕಡ್ಡಿಯಷ್ಟೇ ಸಣ್ಣ. ತಲೆ ಎತ್ತದೆ ಕೈ ಮಾತ್ರ ಹೋಗಿ ಬೇಕಾದದ್ದನ್ನೇ ಎತ್ತಿ ತರುತ್ತಿತ್ತು. ನಾನು ಎಷ್ಟು ಹೊತ್ತು ನೋಡಿದೆನೋ, ಕೊನೆಗೆ ಅವರೇ, "ಕೂತ್ಕೊಳಿ ಅಕ್ಕಾ, ನಿಂತು ನೋಡುವ ಕೆಲಸ ಅಲ್ಲ ಇದು" ಎಂದು ಮಣೆ ಸರಿಸಿದರು.

ಅತ್ತಿಗೆಗೆ ಒಂದು ಕುಂಕುಮದ ಭರಣಿ ಹಿಡಿಸಿತು. ಬೆಲೆ ಕೇಳಿದರು. ಅವರು ಬೆಲೆ ಹೇಳಲಿಲ್ಲ, ಅದೇ ಅಳತೆಯ ಎರಡು ಭರಣಿ ತಂದು ನಮ್ಮ ಕೈಗಿಟ್ಟರು. "ಕಣ್ಣು ಮುಚ್ಚಿ ಹಿಡೀರಿ. ಯಾವುದು ಗಂಧ?" ಎರಡೂ ಗಂಧದ ವಾಸನೆ ಬರುತ್ತಿದ್ದವು. ಅತ್ತಿಗೆ ತಪ್ಪು ಹೇಳಿದರು, ನಾನೂ ತಪ್ಪು ಹೇಳಿದೆ. ಒಂದು ಶಿವನಿಯದಂತೆ, ಗಂಧದ ಪುಡಿಯ ಡಬ್ಬದಲ್ಲಿ ಇಟ್ಟಿದ್ದರಿಂದ ವಾಸನೆ ಹಿಡಿದಿತ್ತು. ಆಮೇಲೆ ಅವರು ಕಲಿಸಿದರು. ವಾಸನೆ ನೋಡಬೇಡಿ, ತೂಕ ನೋಡಿ, ಎಳೆ ನೋಡಿ. ಗಂಧದ ಚೇಗು ಕೈಗೆ ಭಾರ, ಎಳೆ ಎಷ್ಟು ಒತ್ತಾಗಿದೆ ಎಂದರೆ ಬೆರಳು ಎಲ್ಲೂ ತಡೆಯುವುದಿಲ್ಲ. ಶಿವನಿ ಹಗುರ, ಬಣ್ಣ ತಿಳಿ, ಬೆಳಕಿಗೆ ಹಿಡಿದರೆ ಎಳೆ ಬಿಡಿಬಿಡಿಯಾಗಿ ಕಾಣುತ್ತದೆ. ನಾವು ಶಿವನಿಯದನ್ನೇ ತೆಗೆದುಕೊಂಡೆವು. ಅದನ್ನು ತೆಗೆದುಕೊಂಡಿದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ, ಬದಲಿಗೆ, "ದಿನಾ ಮುಟ್ಟುವ ವಸ್ತುವಿಗೆ ಇದೇ ಸರಿ" ಎಂದರು. ಎಣ್ಣೆ ಹಚ್ಚಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ, ಧೂಳು ಕೂತರೆ ಒಣ ಬ್ರಷ್ಷಿನಲ್ಲಿ ತೆಗೆಯಿರಿ ಎಂದು ಮೂರು ಸಲ ಹೇಳಿದರು. ಕಟ್ಟಿಕೊಡುವಾಗ ಒಂದು ಚಿಟಿಕೆ ಗಂಧದ ಚಕ್ಕೆ ಕಾಗದದಲ್ಲಿ ಮಡಿಸಿ ಒಳಗಿಟ್ಟರು. ಅದಕ್ಕೆ ದುಡ್ಡಿಲ್ಲ.

ನನಗೆ ಆಗ ಅನಿಸಿದ್ದು, ಈ ಊರಿನವರಿಗೆ ಸಾಮಾನು ಕೊಟ್ಟರೆ ವ್ಯಾಪಾರ ಮುಗಿಯುವುದಿಲ್ಲ. ಅದನ್ನು ಹೇಗೆ ಹಿಡಿಯಬೇಕು, ಹೇಗೆ ಇಡಬೇಕು ಎಂದು ನಿಮಗೆ ಗೊತ್ತಾಗಬೇಕು, ಆಗ ಅವರಿಗೆ ಸಮಾಧಾನ. ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಸದು. ನಮ್ಮಲ್ಲಿ ಕೇಳಿದರೂ ಹೇಳಲು ಯಾರಿಗೂ ಪುರುಸೊತ್ತಿಲ್ಲ.

ಮಧ್ಯಾಹ್ನದ ಊಟದ ಬಗ್ಗೆ ಒಂದೇ ಮಾತು: ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ ಹಿಂಡಿ, ನೀರಾಗಿ ಮಾಡಿ, ಸಾಸಿವೆ ಇಂಗು ಒಣಮೆಣಸಿನ ಒಗ್ಗರಣೆ. ಊಟದ ಕೊನೆಗೆ ಲೋಟದಲ್ಲಿ ಕೊಟ್ಟರು. ಬಡಿಸುವವರು ಮೂರನೇ ಸಲ ಬಂದಾಗ ನಾನು ಬೇಡ ಎನ್ನಲಿಲ್ಲ.

ಸಂಜೆ ಬಸ್ಸು ಹತ್ತಿ ಹೆಗ್ಗೋಡಿಗೆ ಹೋದೆವು. 1949ರಲ್ಲಿ ಹುಟ್ಟಿದ ನೀನಾಸಂ ಇರುವ ಊರು. ಒಂದು ಹಳ್ಳಿಯಲ್ಲಿ ಇದ್ದುಕೊಂಡೇ ರಂಗಮಂದಿರ, ರಂಗಶಿಕ್ಷಣ ಕೇಂದ್ರ, ಪುಸ್ತಕ ಪ್ರಕಾಶನ ಎಲ್ಲವನ್ನೂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತಿರುವುದೇ. ಆವತ್ತು ನಾಟಕ ಇರಲಿಲ್ಲ. ಶಿವರಾಮ ಕಾರಂತ ರಂಗಮಂದಿರದ ಹೊರಗೆ ಕೂತು ಚಹಾ ಕುಡಿದೆವು. ನಾಲ್ಕು ಜನ ವಿದ್ಯಾರ್ಥಿಗಳು ಮರದ ಕೆಳಗೆ ಒಂದೇ ಸಾಲನ್ನು ಮತ್ತೆ ಮತ್ತೆ, ಬೇರೆ ಬೇರೆ ಉಸಿರಿನಲ್ಲಿ ಹೇಳುತ್ತಿದ್ದರು. ಅವರಲ್ಲೊಬ್ಬಳು ಬೀದರ್ ಕಡೆಯ ಹುಡುಗಿ. ಅತ್ತಿಗೆಯ ತವರು ಭಾಲ್ಕಿ. ಇಬ್ಬರೂ ಆ ಕಡೆಯ ಮಾತಿಗೆ ಬಿದ್ದ ಮೇಲೆ ನಾನು ಹೊರಗಿನವಳಾದೆ. ಕತ್ತಲಾಗುವವರೆಗೆ ಅವರ ಮಾತು ನಡೆಯಿತು, ಕೊನೆಯ ಬಸ್ಸು ಎಷ್ಟಕ್ಕೆ ಎಂದು ನೆನಪಿಸಿದ್ದೂ ಆ ಹುಡುಗಿಯೇ.

ಅದಕ್ಕೂ ಮೊದಲು ಪಕ್ಕದ ಭೀಮನಕೋಣೆಯ ಚರಕ ಸಂಸ್ಥೆಯ ಬಟ್ಟೆ ನೋಡಿದ್ದೆವು. ರಂಗಕರ್ಮಿ ಪ್ರಸನ್ನ ಅವರು ಊರಿನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ ಕೈಮಗ್ಗದ ಸಹಕಾರ ಸಂಘ. ಇಲ್ಲಿನ ಬಣ್ಣ ಗಿಡಮರದಿಂದ ಬಂದದ್ದು. ನಾನು ಎತ್ತಿಕೊಂಡ ಜುಬ್ಬದ ಬಣ್ಣ ಕೆಂಪೂ ಅಲ್ಲ, ಕಂದೂ ಅಲ್ಲ. ಅಲ್ಲಿದ್ದ ಅಕ್ಕ, "ಅದು ಚೊಗರಿನದು" ಎಂದರು. ಬೆಳಿಗ್ಗೆ ಹೋಟೆಲಿನ ಹಿರಿಯರು ಅಡಿಕೆ ಬೇಯಿಸುವ ಮಾತಾಡಿದ್ದರಲ್ಲ, ಹಾಗೆ ಬೇಯಿಸಿ ಉಳಿಯುವ ಗಾಢ ನೀರೇ ಚೊಗರು. ಬೆಳಿಗ್ಗೆ ಮೇಜಿನ ಮೇಲೆ ಬೆರಳಲ್ಲಿ ಎಳೆದ ಗೆರೆ ಸಂಜೆ ಬಟ್ಟೆಯಾಗಿ ನನ್ನ ಕೈಯಲ್ಲಿತ್ತು. "ಮೊದಲ ಎರಡು ಸಲ ಬೇರೆ ಬಟ್ಟೆ ಜೊತೆ ನೆನೆಸಬೇಡಿ. ನೆರಳಲ್ಲಿ ಒಣಗಿಸಿ. ತೊಳೆದಷ್ಟೂ ಬಣ್ಣ ಮೆತ್ತಗಾಗ್ತದೆ, ಹೆದರಬೇಡಿ" ಎಂದರು ಆ ಅಕ್ಕ. ಇಲ್ಲೂ ಪಾಠ.

ಎರಡನೇ ದಿನ ಬೆಳಿಗ್ಗೆ ಮಿಡಿ.

ಪೇಟೆಯ ರಸ್ತೆಯ ಬದಿಯಲ್ಲಿ ಗೋಣಿ ಹಾಸಿಕೊಂಡು ಕೂತ ಹೆಂಗಸರು, ಎದುರಿಗೆ ಬುಟ್ಟಿ. ಹಸಿರಿನಲ್ಲೇ ಹತ್ತು ಹಸಿರು. ಉದ್ದ ಮಿಡಿ, ಗುಂಡು ಮಿಡಿ, ಬೆರಳಿನ ತುದಿಯಷ್ಟೇ ಇರುವುದು. ಅಪ್ಪೆಮಿಡಿ ಕಾಡಿನದು, ಹೊಳೆ ಹಳ್ಳಗಳ ದಡದ ಮರಗಳದ್ದು. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ ಇರುವುದರಿಂದ ಮರಕ್ಕೇ ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ. ಇಲ್ಲಿ ಇದನ್ನು ತೂಕಕ್ಕೆ ಮಾರುವುದಿಲ್ಲ, ಎಣಿಸಿ ಮಾರುತ್ತಾರೆ.

ಎಂಬತ್ತರ ಹತ್ತಿರದ ಒಬ್ಬ ಅಜ್ಜಿಯ ಮುಂದೆ ನಾವು ಕೂತೆವು. ಪಕ್ಕದಲ್ಲಿ ಮೊಮ್ಮಗಳು, ಕೈಯಲ್ಲಿ ಕಾಲೇಜಿನ ಪುಸ್ತಕ. ನಾನು ಸುತ್ತು ಬಳಸದೆ ಹಿಂದಿನ ವರ್ಷದ ಕಥೆ ಹೇಳಿದೆ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ತೊಟ್ಟು ಇತ್ತನಾ?"

ಇರಲಿಲ್ಲ. ಗಾಡಿಯಲ್ಲಿ ರಾಶಿ ಹಾಕಿದ್ದರು, ಹೆಚ್ಚಿನವು ತೊಟ್ಟು ಮುರಿದವು. ಉಳಿದದ್ದನ್ನು ಚೆಂದ ಕಾಣಲೆಂದು ನಾನೇ ಕಿತ್ತಿದ್ದೆ.

"ಅಲ್ಲೇ ಹೋತು." ಅಜ್ಜಿ ಒಂದು ಮಿಡಿ ಎತ್ತಿ ತೊಟ್ಟನ್ನು ಪಟ್ಟನೆ ಮುರಿದರು. ಸೊನೆ ಚಿಮ್ಮಿ ಅವರ ಹೆಬ್ಬೆರಳ ಮೇಲೆ ಮುತ್ತಿನಂತೆ ನಿಂತಿತು. ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು. ಜೀರಿಗೆ, ಕರ್ಪೂರ, ಹಸಿ ಮಾವು, ಮೂರೂ ಒಟ್ಟಿಗೆ. "ಇದು ಒಳಗಿದ್ರೆ ಮಿಡಿ. ಹೊರಗೆ ಹೋದ್ರೆ ಬರೀ ಕಾಯಿ." ಹಾಗಾಗಿ ಮರದಿಂದ ಇಳಿಸುವಾಗಲೂ ಉದುರಿಸುವುದಿಲ್ಲ. ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಟ್ಟು ಗೊಂಚಲನ್ನೇ ತರುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸಾಕು, ಇಡೀ ಭರಣಿ ಕೆಡಲು. ತೊಟ್ಟನ್ನು ಒಂದು ಗೆಣ್ಣಿನಷ್ಟು ಉಳಿಸಿ, ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆಯಿಲ್ಲದೆ ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬಬೇಕು. ದಿನಕ್ಕೊಂದು ಸಲ ಕುಲುಕಬೇಕು. ಮಿಡಿ ತನ್ನ ನೀರು ತಾನೇ ಬಿಡುತ್ತದೆ, ಚರ್ಮ ಸುಕ್ಕಾಗುತ್ತದೆ. ಸುಕ್ಕು ಪೂರ್ತಿ ಬರುವವರೆಗೆ ಖಾರದ ಯೋಚನೆ ಬೇಡ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ ಮೆಣಸು ರುಬ್ಬಬೇಕು, ಬೇರೆ ನೀರು ಮುಟ್ಟಿಸಬಾರದು.

ಅತ್ತಿಗೆ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಜ್ಜಿ ಎಣಿಸಲು ಶುರುಮಾಡಿದರು. ಒಂದು ಹಿಡಿಗೆ ಐದು. ಇಪ್ಪತ್ತು ಹಿಡಿಗೆ ನೂರು. ನೂರು ಆದಮೇಲೆ ಇನ್ನೊಂದು ಹಿಡಿ ಹಾಕಿ "ಕೊಸರು" ಎಂದರು. ಹಾಗೆ ಮೂರು ನೂರು, ಮೂರು ಕೊಸರು. ಕೊನೆಗೆ ಚೀಲದೊಳಗೆ ಕೈ ಹಾಕಿ, ಪೆಟ್ಟಾಗಿದ್ದ ಎರಡನ್ನು ಹುಡುಕಿ ತೆಗೆದು, ಬದಲಿಗೆ ನಾಲ್ಕು ಹಾಕಿದರು. ನಾನು, "ಅಜ್ಜಿ, ನಿಮಗೆ ನಷ್ಟ ಆಗಲ್ವಾ?" ಎಂದೆ.

"ಅಳತೆಲಿ ಕಡಿಮೆ ಮಾಡ್ಬಾರ್ದು ತಂಗಿ. ನಮ್ಮಪ್ಪ ಜೈಲಿಗೆ ಹೋದದ್ದು ಅದಕ್ಕೇ."

ಮೊಮ್ಮಗಳು ಪುಸ್ತಕದಿಂದ ತಲೆ ಎತ್ತಿ, "ಕಾಗೋಡು" ಎಂದಳು.

1951ರ ಕಾಗೋಡು ಸತ್ಯಾಗ್ರಹವನ್ನು ನಾನು ಪಾಠದಲ್ಲಿ ಓದಿದ್ದೆ. ಸಮಾಜವಾದಿ ಚಳವಳಿ, ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಉಳುವವನಿಗೆ ಭೂಮಿ ಎನ್ನುವ ಕೂಗು. ಅದೆಲ್ಲ ಶುರುವಾದದ್ದು ಒಂದು ಕೊಳಗದಿಂದ ಎನ್ನುವುದು ಪರೀಕ್ಷೆ ಮುಗಿದ ಮೇಲೆ ಮರೆತಿತ್ತು. ಗೇಣಿ ಭತ್ತ ಅಳೆದುಕೊಳ್ಳುವಾಗ ಭೂಮಾಲೀಕರದ್ದು ದೊಡ್ಡ ಕೊಳಗ, ಕೊಡುವಾಗ ಸಣ್ಣದು. ಎರಡಕ್ಕೂ ಹೆಸರು ಒಂದೇ, ಕೊಳಗ. ಎರಡೂ ಒಂದೇ ಅಳತೆ ಇರಲಿ ಎಂದು ದೀವರ ಸಮುದಾಯದ ಗೇಣಿದಾರರು ಕೇಳಿದ್ದು. ಅಜ್ಜಿಗೆ ಆಗ ಐದೋ ಆರೋ ವರ್ಷ. ಅಪ್ಪ ಮನೆಯಲ್ಲಿಲ್ಲದ ದಿನಗಳು, ಅಮ್ಮ ಗೆಡ್ಡೆ ಬೇಯಿಸಿ ಕೊಟ್ಟದ್ದು, ಅಷ್ಟು ನೆನಪಿದೆ ಎಂದರು. ಬಹಳ ಹೇಳಲಿಲ್ಲ. ಮತ್ತೊಬ್ಬರು ಬಂದು ಮಿಡಿಯ ದರ ಕೇಳಿದರು, ಅಜ್ಜಿ ಅವರ ಕಡೆ ತಿರುಗಿ "ತೊಟ್ಟು ನೋಡಿ ತಗಳಿ" ಎಂದರು.

ನಾನು ಚೀಲದೊಳಗಿನ ಮಿಡಿಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಮೊಮ್ಮಗಳು ತನ್ನ ನಂಬರು ಕೊಟ್ಟು, "ಏನಾದ್ರೂ ಸಂಶಯ ಬಂದ್ರೆ ಫೋನ್ ಮಾಡಿ, ಅಜ್ಜಿ ಹತ್ರ ಕೊಡ್ತೇನೆ" ಎಂದಳು.

ಮಧ್ಯಾಹ್ನ ಇಕ್ಕೇರಿಗೆ ಹೋಗಿ ಅಘೋರೇಶ್ವರನ ಗುಡಿ ನೋಡಿದೆವು. ಕೆಳದಿಯ ನಾಯಕರು ಕಟ್ಟಿಸಿದ ದೊಡ್ಡ ಕಲ್ಲುಗುಡಿ. ಒಳಗಿನ ನೆಲದಲ್ಲಿ ಮೂವರು ನಾಯಕರು ತಮ್ಮ ಉದ್ದಂಡ ನಮಸ್ಕಾರವನ್ನೇ ಕೆತ್ತಿಸಿಕೊಂಡಿದ್ದಾರೆ, ಬಂದವರೆಲ್ಲ ತುಳಿದುಕೊಂಡು ಹೋಗುವ ಹಾಗೆ. ಅತ್ತಿಗೆ ಕಾಲು ಎತ್ತಿಟ್ಟು ಬದಿಯಿಂದ ದಾಟಿದರು. ಹೊರಗೆ ಹುಲ್ಲಿನ ಮೇಲೆ ಮಿಡಿಯ ಚೀಲ ಬಿಚ್ಚಿ ಗಾಳಿಗೆ ಹಾಕಿದೆವು, ಬೆವರಬಾರದೆಂದು ಅಜ್ಜಿ ಹೇಳಿದ್ದರು. ಗುಡಿಯ ಕಾವಲಿನವರು ಬಂದು, ಬಗ್ಗಿ ಒಂದನ್ನು ಎತ್ತಿ, ಮೂಸಿ, "ಒಳ್ಳೆ ಮಿಡಿ. ಯಾರ ಹತ್ರ?" ಎಂದರು. ಹೇಳಿದೆವು. "ಆ ಅಜ್ಜಿದಾ? ಹಾಗಾದ್ರೆ ಸೈ."

ರಾತ್ರಿಯ ರೈಲಿಗೆ ನಮ್ಮನ್ನು ಬಿಟ್ಟವರೂ ಅದೇ ಆಟೋದವರೇ. ಬರುವಾಗ ಎರಡು ಚೀಲ ಇದ್ದದ್ದು ಈಗ ಐದಾಗಿತ್ತು. ಜೋನಿಬೆಲ್ಲದ ಡಬ್ಬ ನೆಟ್ಟಗೆ ನಿಲ್ಲಲಿ ಎಂದು ಅವರೇ ಸೀಟಿನ ಮೂಲೆಯಲ್ಲಿ ಹಳೆಯ ಟವೆಲು ಸುತ್ತಿ ಇಟ್ಟರು. ತಳದಿಂದ ಕಲಕಿಸಿದ್ರಾ ಎಂದು ಅವರೂ ಕೇಳಿದರು.

ಮನೆಗೆ ಬಂದ ದಿನವೇ ಮಿಡಿ ಒರೆಸಿ ಉಪ್ಪಿಗೆ ಹಾಕಿದೆ. ಒಟ್ಟು ಮುನ್ನೂರ ಹದಿನೇಳು. ದಿನಾ ಬೆಳಿಗ್ಗೆ ಭರಣಿ ಕುಲುಕುವುದು ಒಂದು ಕೆಲಸವಾಯಿತು. ಐದನೇ ದಿನ ತಳದಲ್ಲಿ ನೀರು ಕಂಡಿತು. ಹತ್ತನೇ ದಿನವೂ ಮೇಲಿನ ಪದರದ ಕೆಲವು ಸುಕ್ಕಾಗದೆ ಹಸಿರಾಗೇ ಇದ್ದವು. ಭಯವಾಗಿ ಸಾಗರಕ್ಕೆ ಫೋನ್ ಮಾಡಿದೆ. ಮೊಮ್ಮಗಳು ಎತ್ತಿ, "ಅಜ್ಜೀ, ಬೆಂಗಳೂರಿನ ಅಕ್ಕ" ಎಂದು ಕೂಗಿದಳು. ಅಜ್ಜಿ ಬಂದು ಹಲೋ ಎನ್ನಲಿಲ್ಲ, ಹೇಗಿದ್ದೀರಿ ಎಂದೂ ಕೇಳಲಿಲ್ಲ.

"ಮೇಲೆ ಕಲ್ಲು ಇಟ್ಟಿರನಾ?"

ಇಟ್ಟಿರಲಿಲ್ಲ. ಒಳಕಲ್ಲಿನ ಪಕ್ಕದಲ್ಲಿದ್ದ ನುಣುಪು ಗುಂಡುಕಲ್ಲನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಸಂಜೆ ಭರಣಿಯೊಳಗೆ ಇಳಿಸಿದೆ. ಉಪ್ಪುನೀರು ನಿಧಾನಕ್ಕೆ ಮೇಲೆದ್ದು ಕೊನೆಯ ಮಿಡಿಯ ತೊಟ್ಟನ್ನೂ ಮುಚ್ಚಿತು.